ಮರಣದ ದಾಖಲೆ ಮತ್ತು ವಂಶಾವಳಿಯ ಶೋಧ: ಪಶ್ಚಿಮ ಬೆಂಗಳೂರಿನ ಹಳ್ಳಿಗಳನ್ನು ಕುರಿತು

ಒಂದು ಮನೆತನದ ಚರಿತ್ರೆಯನ್ನು ಕಟ್ಟಲು ಹೊರಟವರಿಗೆ ಜನನಕ್ಕಿಂತ ಮರಣದ ದಾಖಲೆಯೇ ಹೆಚ್ಚು ನೆರವಾಗುತ್ತದೆ. ಹುಟ್ಟಿದ ದಿನವನ್ನು ಮರೆತ ಕುಟುಂಬಗಳೂ ಹಿರಿಯರು ತೀರಿಕೊಂಡ ತಿಥಿಯನ್ನು ಮರೆಯುವುದಿಲ್ಲ. ಅಂದು ಎಡೆ ಇಡಬೇಕು, ಹೆಸರು ಹಿಡಿದು ಕರೆಯಬೇಕು. ಭೂಮಿಯ ಒಡೆತನ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುವುದೂ ಸಾಮಾನ್ಯವಾಗಿ ಮರಣದ ಮೂಲಕವೇ. ಆದ್ದರಿಂದ ಆಚರಣೆ ಮತ್ತು ಆಡಳಿತ ಎರಡೂ ಸಾವನ್ನು ತಮ್ಮ ತಮ್ಮ ರೀತಿಯಲ್ಲಿ ದಾಖಲಿಸಿವೆ. ಇಂದಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿ ಪ್ರದೇಶದ ಮೂಲ ಹಳ್ಳಿಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ಎರಡು ಬಗೆಯ ದಾಖಲೆಗಳನ್ನು ಒಟ್ಟಿಗೆ ಓದಬೇಕಾದ ಅಗತ್ಯವನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಾವನ್ನು ಬರೆದಿಡುವ ಪರಂಪರೆ ಈ ನೆಲಕ್ಕೆ ಹೊಸದಲ್ಲ. ಬೆಂಗಳೂರು ಎಂಬ ಊರಹೆಸರನ್ನು ಉಳಿಸಿಕೊಟ್ಟಿರುವ ಬೇಗೂರಿನ ಶಾಸನ ಕ್ರಿ.ಶ. ಸುಮಾರು 890ರದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಮಡಿದನೆಂಬುದು ಅದರ ಒಕ್ಕಣೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಅದಕ್ಕಿಂತಲೂ ಹಳೆಯದು; ಕ್ರಿ.ಶ. ಸುಮಾರು 750ರದು. ಇವೆರಡೂ ಮರಣದ ದಾಖಲೆಗಳೇ. ಆದರೆ ಕಲ್ಲು ಸಿಕ್ಕಿದ್ದು ಹೆಚ್ಚಾಗಿ ಕಾದಿ ಮಡಿದವರಿಗೆ ಮತ್ತು ಸಹಗಮನ ಮಾಡಿದ ಮಾಸ್ತಿಯರಿಗೆ. ಉತ್ತು ಬಿತ್ತು ಬದುಕಿ, ಮುಪ್ಪಿನಲ್ಲಿ ಕಣ್ಣುಮುಚ್ಚಿದ ಒಕ್ಕಲಿನವರನ್ನು ಹುಡುಕಲು ಬೇರೆ ಆಕರಗಳಿಗೆ ಹೋಗಬೇಕಾಗುತ್ತದೆ.

ಆ ಆಕರಗಳಲ್ಲಿ ಮೊದಲನೆಯದು ಜನನ ಮರಣ ನೋಂದಣಿ ಪುಸ್ತಕ. ಇದನ್ನು ಹುಡುಕುವವರು ಮೊದಲು ತಿಳಿಯಬೇಕಾದದ್ದು ಊರಿನ ಆಡಳಿತದ ಚರಿತ್ರೆಯನ್ನು. ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಹುಟ್ಟು ಸಾವುಗಳ ವರದಿ ಪಟೇಲನ ಹೊಣೆಯಾಗಿತ್ತು, ಜಮೀನಿನ ಲೆಕ್ಕ ಶಾನುಭೋಗನದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು. ಅವರ ಕೆಲಸ ಗ್ರಾಮಲೆಕ್ಕಿಗರ ಪಾಲಿಗೆ ಬಂತು. ನಗರದಲ್ಲಿ ಈ ಕೆಲಸ ಪುರಸಭೆಯದು, 1949ರ ನಂತರ ಮಹಾನಗರಪಾಲಿಕೆಯದು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆಗಳಂಥ ಊರುಗಳು ಬೇರೆ ಬೇರೆ ಕಾಲದಲ್ಲಿ ನಗರದೊಳಕ್ಕೆ ಸೇರಿದವು. ಕೆಂಗೇರಿ ತನ್ನದೇ ಪುರಸಭೆಯನ್ನು ಉಳಿಸಿಕೊಂಡಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರಲ್ಲಿ ಆ ಪಾಲಿಕೆಯೂ ಐದು ನಗರ ಪಾಲಿಕೆಗಳಾಗಿ ವಿಂಗಡಣೆಯಾಗಿದೆ. ಹೀಗಾಗಿ ಒಂದೇ ಊರಿನ ತಾತ, ಮಗ, ಮೊಮ್ಮಗನ ಸಾವುಗಳು ಮೂರು ಕಚೇರಿಗಳ ಪುಸ್ತಕಗಳಲ್ಲಿ ಇರುವುದು ಸಾಧ್ಯ. ಸಾವು ಸಂಭವಿಸಿದ ದಿನ ಆ ಊರು ಯಾರ ಆಡಳಿತದಲ್ಲಿತ್ತು ಎಂಬ ಪ್ರಶ್ನೆಯಿಂದಲೇ ಶೋಧ ಆರಂಭವಾಗಬೇಕು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮರಣ ನೋಂದಣಿಯಾಗುವುದು ವಾಸದ ಊರಿನಲ್ಲಲ್ಲ, ಸಾವು ಘಟಿಸಿದ ಸ್ಥಳದಲ್ಲಿ. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಕೆಂಗೇರಿಯ ರೈತನೊಬ್ಬ ತೀರಿಕೊಂಡಿದ್ದರೆ ಆತನ ಹೆಸರನ್ನು ನಗರದ ಪುಸ್ತಕದಲ್ಲಿ ನೋಡಬೇಕೇ ಹೊರತು ಕೆಂಗೇರಿಯದರಲ್ಲಿ ಅಲ್ಲ. ಊರಿನ ಪುಸ್ತಕದಲ್ಲಿ ಹೆಸರಿಲ್ಲವೆಂದು ಶೋಧವನ್ನು ಕೈಬಿಡುವುದು ಸರಿಯಲ್ಲ.

1969ರ ಜನನ ಮರಣ ನೋಂದಣಿ ಅಧಿನಿಯಮ 1970ರಲ್ಲಿ ಜಾರಿಗೆ ಬಂದು ದೇಶಕ್ಕೆಲ್ಲ ಒಂದೇ ಪದ್ಧತಿಯನ್ನು ತಂದಿತು. ಇದರ 17ನೆಯ ಪ್ರಕರಣದಂತೆ ಯಾರು ಬೇಕಾದರೂ ಶುಲ್ಕ ಕೊಟ್ಟು ನೋಂದಣಿ ಪುಸ್ತಕದಲ್ಲಿ ಹುಡುಕಿಸಬಹುದು, ಉದ್ಧೃತ ಪ್ರತಿಯನ್ನು ಪಡೆಯಬಹುದು. ಆದರೆ ಆ ಪ್ರತಿಯಲ್ಲಿ ಸಾವಿನ ಕಾರಣವನ್ನು ತಿಳಿಸುವಂತಿಲ್ಲ. ನಮೂದು ಸಿಗದಿದ್ದರೆ ಅಲಭ್ಯತಾ ಪ್ರಮಾಣಪತ್ರ ದೊರೆಯುತ್ತದೆ. ವರ್ಷ ಮೀರಿದ ಸಾವನ್ನು ನೋಂದಾಯಿಸಲು ಮೂಲ ಅಧಿನಿಯಮದಲ್ಲಿ ಪ್ರಥಮ ದರ್ಜೆ ದಂಡಾಧಿಕಾರಿಯ ಆದೇಶ ಬೇಕಿತ್ತು. 2023ರ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ, ಇಲ್ಲವೆ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ಆ ಆದೇಶಕ್ಕೂ ಒಂದು ದಿನಾಂಕ ಬೇಕು. ಜನಪದ ನೆನಪಿನ ಕಡೆಗೆ ನಾವು ತಿರುಗಬೇಕಾಗುವುದು ಇಲ್ಲಿ.

ಮನೆಯ ನೆನಪು ಮಾಸ, ಪಕ್ಷ, ತಿಥಿಗಳನ್ನು ಉಳಿಸಿಕೊಳ್ಳುತ್ತದೆ, ವರ್ಷವನ್ನು ಬಿಟ್ಟುಬಿಡುತ್ತದೆ. ಪ್ರತಿವರ್ಷವೂ ಮರಳಿ ಬರುವ ಆಚರಣೆಗೆ ವರ್ಷದ ಅಂಕಿ ಬೇಕಾಗಿಲ್ಲ. ತಿಥಿ ಮಾಡುವ ಪದ್ಧತಿ ಇಲ್ಲದ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯಂದು ಎಲ್ಲ ಹಿರಿಯರಿಗೂ ಒಟ್ಟಿಗೆ ಎಡೆ ಇಡುವುದರಿಂದ ದಿನವೂ ಉಳಿಯದೆ ಹೆಸರುಗಳಷ್ಟೇ ಉಳಿಯುತ್ತವೆ. ಸಂವತ್ಸರದ ಹೆಸರು ನೆನಪಿದ್ದರೆ ಕೆಲಸ ಸುಲಭ, ಆದರೂ ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಕಾಳಯುಕ್ತಿ ಸಂವತ್ಸರದ ಆಶ್ವಯುಜ ಬಹುಳದಲ್ಲಿ ಮುತ್ತಜ್ಜ ತೀರಿಕೊಂಡರೆಂದು ಮನೆಯವರು ಹೇಳುತ್ತಾರೆಂದು ಇಟ್ಟುಕೊಳ್ಳೋಣ. ಅದು 1918 ಆಗಬಹುದು, 1978 ಕೂಡ ಆಗಬಹುದು. ಅದೇ ವಾರದಲ್ಲಿ ಮನೆಯಲ್ಲಿ ಇನ್ನೂ ಇಬ್ಬರು ಜ್ವರದಿಂದ ಹೋದರೆಂಬ ಮಾತು ಜೊತೆಗಿದ್ದರೆ 1918ರ ಅಕ್ಟೋಬರ್ ಕೊನೆಯ ಭಾಗವನ್ನು ಮೊದಲು ಪರಿಶೀಲಿಸುವುದು ಯುಕ್ತ. ಇನ್‌ಫ್ಲುಯೆಂಜಾ ಸಂಸ್ಥಾನವನ್ನು ವ್ಯಾಪಿಸಿದ್ದ ದಿನಗಳವು.

ಇಂಥ ಸಾಮೂಹಿಕ ಸಾವುಗಳೇ ಜನಪದರ ಕಾಲಗಣನೆಯ ಮೈಲಿಗಲ್ಲುಗಳು. 1876ರಿಂದ 1878ರ ಮಹಾಕ್ಷಾಮವನ್ನು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದಲೇ ಹಿಂದಿನವರು ಗುರುತಿಸುತ್ತಿದ್ದರು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ವಿಳಂಬಿ ಸಂವತ್ಸರದಲ್ಲಿ. ಊರಿಗೆ ಊರೇ ಮನೆ ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ನೆನಪೂ ಪ್ಲೇಗಿನಮ್ಮನ ಗುಡಿಗಳೂ ಆ ಕಾಲದ ಸಾವುಗಳಿಗೆ ಸಾಕ್ಷಿ. ವಂಶಾವಳಿಯಲ್ಲಿ ಒಂದು ಕವಲು ಹಠಾತ್ತನೆ ನಿಂತುಹೋಗಿದ್ದರೆ ಅದನ್ನು ಈ ಮೂರು ಕಾಲಘಟ್ಟಗಳೊಂದಿಗೆ ಹೋಲಿಸಿ ನೋಡುವುದು ಫಲಪ್ರದವಾದ ಕ್ರಮ.

ಮರಣವನ್ನು ಪರೋಕ್ಷವಾಗಿ ತಿಳಿಸುವ ಇನ್ನೊಂದು ಆಕರ ಭೂದಾಖಲೆ. ಖಾತೆದಾರ ತೀರಿಕೊಂಡಾಗ ಆಗುವ ಪೌತಿ ಖಾತೆ, ಹಕ್ಕು ಬದಲಾವಣೆಯ ವಹಿ, ನೋಂದಾಯಿತ ಪಾಲುಪಟ್ಟಿ ಇವುಗಳಲ್ಲಿ ಮೃತನ ಹೆಸರೂ ವಾರಸುದಾರರ ಸಂಬಂಧವೂ ಸಿಗುತ್ತವೆ. ಆದರೆ ಪೌತಿ ಖಾತೆಯ ದಿನಾಂಕ ಸಾವಿನ ದಿನಾಂಕವಲ್ಲ. ಎರಡರ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರವೂ ಇರಬಹುದು. ಪಶ್ಚಿಮ ಬೆಂಗಳೂರಿನ ಮಟ್ಟಿಗೆ ಭೂಸ್ವಾಧೀನದ ಕಡತಗಳಿಗೆ ವಿಶೇಷ ಮಹತ್ವವಿದೆ. 1945ರ ಸಿ.ಐ.ಟಿ.ಬಿ. ಮತ್ತು 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಗಳು ಬಡಾವಣೆಗಳಿಗಾಗಿ ಹೊಲಗದ್ದೆಗಳನ್ನು ವಶಪಡಿಸಿಕೊಂಡಾಗ ಹಿತಾಸಕ್ತಿಯುಳ್ಳವರಿಗೆಲ್ಲ ತಿಳಿವಳಿಕೆ ಪತ್ರ ನೀಡಬೇಕಿತ್ತು, ಪರಿಹಾರದ ತೀರ್ಪಿನಲ್ಲಿ ಅವರ ಹೆಸರು ಬರೆಯಬೇಕಿತ್ತು. ಹೊಲದಂಚಿನಲ್ಲಿದ್ದ ಹಿರಿಯರ ಸಮಾಧಿಗಳು ರಸ್ತೆ, ನಿವೇಶನಗಳ ಅಡಿಗೆ ಸೇರಿದವು. ಹಾಲುತುಪ್ಪ ಬಿಟ್ಟ ಜಾಗ ಎಲ್ಲಿಯದೆಂದು ಮೊಮ್ಮಕ್ಕಳಿಗೆ ತೋರಿಸಲು ಆಗದ ಮನೆತನಗಳಿಗೆ ಆ ಸರ್ವೆ ನಂಬರೊಂದೇ ಉಳಿದ ಗುರುತು.

ಈ ಶೋಧದ ಫಲ ಕುಲಾಭಿಮಾನಕ್ಕೆ ಸೀಮಿತವಲ್ಲ. ಹೆಣ್ಣುಮಕ್ಕಳ ಹಕ್ಕು ಎಷ್ಟೋ ಸಲ ತಂದೆಯ ಮರಣದ ದಿನಾಂಕವನ್ನೇ ಅವಲಂಬಿಸಿದೆ. ತಂದೆ ತೀರಿಕೊಂಡದ್ದು 1956ರ ಜೂನ್ 17ಕ್ಕೆ, ಅಂದರೆ ಹಿಂದೂ ಉತ್ತರಾಧಿಕಾರ ಅಧಿನಿಯಮ ಜಾರಿಗೆ ಬರುವುದಕ್ಕೆ, ಮೊದಲಾದರೆ ಹಳೆಯ ಕಾನೂನು ಅನ್ವಯಿಸುತ್ತದೆ; ನಂತರವಾದರೆ ಹೊಸದು. 2005ರ ಸೆಪ್ಟೆಂಬರ್ 9ರಿಂದ ಮಗಳೂ ಹುಟ್ಟಿನಿಂದಲೇ ಸಹಪಾಲುದಾರಳಾದಳು. ಅಂದು ತಂದೆ ಜೀವಂತವಾಗಿರಬೇಕಿತ್ತೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು. 2020ರ ಆಗಸ್ಟ್ 11ರ ತೀರ್ಪಿನಲ್ಲಿ ಅದು ಅಗತ್ಯವಿಲ್ಲವೆಂದು ನಿರ್ಣಯಿಸಿತು. ಈ ಐದು ವರ್ಷಗಳಲ್ಲಿ ಒಂದು ಮರಣ ಪತ್ರವೇ ಮಗಳ ಪಾಲನ್ನು ನಿರ್ಧರಿಸುವಂತಿತ್ತು. ವಿಪರ್ಯಾಸವೆಂದರೆ ಹೆಣ್ಣಿನ ಸಾವೇ ದಾಖಲೆಯಲ್ಲಿ ಅತ್ಯಂತ ಮಸುಕು. ಹೆಸರಿನಲ್ಲಿ ಜಮೀನಿಲ್ಲದ ಅಜ್ಜಿಗೆ ಪೌತಿ ಖಾತೆಯೂ ಇಲ್ಲ.

ಎತ್ತಿನ ಮೇಲೆ ಬಂದು ಮನೆಮನೆಯ ತಲೆಮಾರುಗಳನ್ನು ಹೇಳುವ ಹೆಳವರ ಪರಂಪರೆಯೂ ಮುಖ್ಯವಾಗಿ ಗಂಡು ಸಂತತಿಯನ್ನೇ ಅನುಸರಿಸುತ್ತದೆ. ಹೆಳವರಲ್ಲಿ ಸಂಬಂಧದ ಕ್ರಮವಿದೆ, ದಿನಾಂಕವಿಲ್ಲ. ಕಚೇರಿಯ ಪುಸ್ತಕದಲ್ಲಿ ದಿನಾಂಕವಿದೆ, ತಂದೆ ಅಥವಾ ಗಂಡನ ಹೆಸರಿನಾಚೆಗೆ ಸಂಬಂಧವಿಲ್ಲ. ತವರಿಗೂ ಸೇರಿದ ಮನೆಗೂ ನಡುವಿನ ಹೆಣ್ಣುಮಕ್ಕಳ ಸಂಬಂಧಗಳು ಉಳಿದಿರುವುದು ಹಿರಿಯ ಹೆಂಗಸರ ನೆನಪಿನಲ್ಲಿ. ಆದ್ದರಿಂದ ವಂಶಾವಳಿಯ ಸಂಶೋಧಕ ಮೊದಲು ಮನೆಯ ಅಜ್ಜಿಯರನ್ನು ಕೇಳಬೇಕು. ಅನಂತರ ಪಂಚಾಂಗ, ಭೂದಾಖಲೆಗಳ ನೆರವಿನಿಂದ ವರ್ಷವನ್ನು ಊಹಿಸಿ, ಕೊನೆಗೆ ನೋಂದಣಿ ಪುಸ್ತಕವನ್ನು ತೆರೆಸಬೇಕು. ವರ್ಷ ತಿಳಿಯದೆ ಕಚೇರಿಗೆ ಹೋದವರು ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು.

ಒಟ್ಟಾರೆ ಹೇಳುವುದಾದರೆ, ಹರಿಶ್ಚಂದ್ರ ಘಾಟ್, ಸುಮನಹಳ್ಳಿ, ಕೆಂಗೇರಿಗಳ ಚಿತಾಗಾರಗಳ ಪುಸ್ತಕಗಳು, ಚರ್ಚು ಮತ್ತು ಮಸೀದಿಗಳ ದಫನದ ವಹಿಗಳು, ಪಟೇಲರ ಮನೆಗಳಲ್ಲಿ ಉಳಿದಿರಬಹುದಾದ ಹಳೆಯ ಕಾಗದಗಳು ಇವೆಲ್ಲವೂ ನಗರದ ಚರಿತ್ರೆಯ ಮೂಲ ಸಾಮಗ್ರಿಗಳು. ಸುಮನಹಳ್ಳಿಯ ಚಿತಾಗಾರದ ಮುಂದೆ 2021ರ ಬೇಸಿಗೆಯಲ್ಲಿ ಸಾಲುಗಟ್ಟಿದ ಸಾವುಗಳು ನಾಳಿನ ಸಂಶೋಧಕರಿಗೆ ಇನ್ನೊಂದು ‘ಪ್ಲೇಗಿನ ವರ್ಷ’ವಾಗಲಿವೆ. ಕಾಗದ ಶಿಥಿಲವಾಗುವ ಮೊದಲು ಅದನ್ನು ಪತ್ರಾಗಾರಕ್ಕೆ ತರುವುದೂ, ಎಡೆಯ ಮುಂದೆ ಕರೆಯುವ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದೂ ಜಾನಪದ ಅಧ್ಯಯನದ ತುರ್ತಿನ ಕೆಲಸಗಳು. ಇವೆರಡರಲ್ಲಿ ಎರಡನೆಯದಕ್ಕೆ ಇರುವ ಕಾಲಾವಕಾಶ ಕಡಿಮೆ.