ಹೊಂಗೆ, ಕಾಡುಪಾಪ ಮತ್ತು ಗ್ರಂಥಾಲಯ ಸೂಚಿ: ಜೈವಿಕ ನಾಮಕರಣ ಹಾಗೂ ಮಾಹಿತಿ ಮರುಪಡೆ

ಹೊಂಗೆ ಎಣ್ಣೆಯನ್ನು ಡೀಸೆಲ್‌ಗೆ ಬದಲಾಗಿ ಬಳಸುವ ಕುರಿತು ಪ್ರಕಟವಾದ ಬರಹಗಳನ್ನೆಲ್ಲ ಒಟ್ಟುಗೂಡಿಸಲು ಹೊರಟ ಸಂಶೋಧಕರು ಕನಿಷ್ಠ ನಾಲ್ಕು ವೈಜ್ಞಾನಿಕ ಹೆಸರುಗಳಲ್ಲಿ ಹುಡುಕಬೇಕಾಗುತ್ತದೆ: ಪೊಂಗಾಮಿಯಾ ಗ್ಲಾಬ್ರಾ, ಪೊಂಗಾಮಿಯಾ ಪಿನ್ನಾಟಾ, ಡೆರ್ರಿಸ್ ಇಂಡಿಕಾ, ಮಿಲ್ಲೆಟ್ಟಿಯಾ ಪಿನ್ನಾಟಾ. ನಾಲ್ಕೂ ಒಂದೇ ಮರದವು. ಇವುಗಳಲ್ಲಿ ಒಂದನ್ನು ಬಿಟ್ಟು ಹುಡುಕಿದರೆ ಕೈತಪ್ಪಿದ್ದೇನು ಎಂಬುದು ಗೊತ್ತಾಗುವ ದಾರಿಯೇ ಇಲ್ಲ.

ಹೆಸರುಗಳು ಹೀಗೆ ಬದಲಾಗಿರುವುದು ಯಾರ ಅಜಾಗರೂಕತೆಯಿಂದಲೂ ಅಲ್ಲ, ನಿಯಮದಿಂದ. ಲಿನೇಯಸ್ 1753ರಲ್ಲಿ ಈ ಮರಕ್ಕೆ ಸೈಟಿಸಸ್ ಪಿನ್ನಾಟಸ್ ಎಂದು ಹೆಸರಿಟ್ಟ. ಸಸ್ಯನಾಮಕರಣ ಸಂಹಿತೆಯ ಪ್ರಕಾರ, ಆ ವರ್ಷದಿಂದೀಚೆಗೆ ಮೊದಲು ಪ್ರಕಟವಾದ ಪ್ರಭೇದಪದಕ್ಕೇ ಆದ್ಯತೆ; ಕುಲ ಬದಲಾದರೂ ಅದು ಜೊತೆಗೇ ಸಾಗಬೇಕು. ಹಾಗಾಗಿ ‘ಗ್ಲಾಬ್ರಾ’ ಹೋಗಿ ‘ಪಿನ್ನಾಟಾ’ ಬಂತು. ಆದರೆ ಮರವನ್ನು ಡೆರ್ರಿಸ್ ಕುಲಕ್ಕೆ ಸೇರಿಸಿದವರಿಗೆ ಆ ಪದ ಸಿಗಲಿಲ್ಲ, ಏಕೆಂದರೆ ಡೆರ್ರಿಸ್ ಪಿನ್ನಾಟಾ ಎಂಬ ಹೆಸರು ಆಗಲೇ ಬೇರೊಂದು ಗಿಡಕ್ಕೆ ಸಂದಿತ್ತು. ಅನಿವಾರ್ಯವಾಗಿ ‘ಇಂಡಿಕಾ’ ಉಳಿಯಿತು. ಸಸ್ಯವಿಜ್ಞಾನಿಗೆ ಇದು ಸುಸಂಗತ ಚರಿತ್ರೆ. ಅಕ್ಷರಗಳನ್ನಷ್ಟೇ ಹೋಲಿಸುವ ಹುಡುಕುಯಂತ್ರಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಹೆಸರುಗಳು.

ಗ್ರಂಥಾಲಯಕ್ಕೆ ಚದುರುವಿಕೆ ಹೊಸತಲ್ಲ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಸಸ್ಯಶಾಸ್ತ್ರ 580ರಲ್ಲಿದ್ದರೆ ಬೇಸಾಯ 630ರಲ್ಲಿ, ಎಣ್ಣೆಯ ತಂತ್ರಜ್ಞಾನ 660ರ ಸರಣಿಯಲ್ಲಿ. ಹೀಗೆ ಒಂದೇ ಮರ ಮೂರು ಕಪಾಟುಗಳಿಗೆ ಹಂಚಿಹೋಗುತ್ತದೆ. ಈ ಚದುರುವಿಕೆಯನ್ನು ಸರಿದೂಗಿಸಲೆಂದೇ ಡ್ಯೂಯಿ ಸಾಪೇಕ್ಷ ಸೂಚಿಯನ್ನು ರೂಪಿಸಿದ. ಹೆಸರಿನಿಂದಾಗುವ ಚದುರುವಿಕೆಗೂ ‘ನೋಡಿ’ ಎಂಬ ಅಡ್ಡ ಉಲ್ಲೇಖವೇ ಹಳೆಯ ಪರಿಹಾರ. ಇಂದಿನ ದತ್ತಸಂಚಯಗಳು ಅದೇ ಕೆಲಸವನ್ನು ಗುರುತುಸಂಖ್ಯೆಯಿಂದ ಮಾಡುತ್ತವೆ. ಇಲ್ಲೊಂದು ವ್ಯತ್ಯಾಸವನ್ನು ಗಮನಿಸಲೇಬೇಕು. ಅಂತರರಾಷ್ಟ್ರೀಯ ಸಸ್ಯನಾಮ ಸೂಚಿ ಪ್ರತಿಯೊಂದು ಹೆಸರಿಗೂ ಒಂದು ಸಂಖ್ಯೆ ಕೊಡುತ್ತದೆ. ಅಮೆರಿಕದ ಎನ್‌ಸಿಬಿಐ ಜೀವಿವರ್ಗೀಕರಣ ಸಂಚಯ ಜೀವಿಗೆ ಸಂಖ್ಯೆ ಕೊಟ್ಟು ಹೆಸರುಗಳನ್ನು ಅದರಡಿ ಜೋಡಿಸುತ್ತದೆ. ಮರುಪಡೆಗೆ ಎರಡನೆಯದು ಹೆಚ್ಚು ಅನುಕೂಲ.

ಆದರೆ ಒಂದು ಪ್ರಭೇದ ಒಡೆದು ಎರಡಾದಾಗ ಈ ಜೋಡಣೆ ಸಾಲದು. ನಮ್ಮ ಕಾಡುಪಾಪವನ್ನು ಹಳೆಯ ಬರಹಗಳು ಲೋರಿಸ್ ಟಾರ್ಡಿಗ್ರೇಡಸ್ ಎಂದೇ ಕರೆಯುತ್ತವೆ. ಈಗ ಆ ಹೆಸರು ಶ್ರೀಲಂಕಾದ ಕೆಂಪು ಕಾಡುಪಾಪಕ್ಕೆ ಮಾತ್ರ ಸೀಮಿತ. ಭಾರತದ್ದು ಲೋರಿಸ್ ಲಿಡೆಕ್ಕೆರಿಯಾನಸ್. ಹಳೆಯ ಹೆಸರಿಗೆ ‘ಹೊಸದನ್ನು ನೋಡಿ’ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ದೇಶವನ್ನು ನೋಡಿ ಬೇರ್ಪಡಿಸೋಣವೆಂದರೆ, ಶ್ರೀಲಂಕಾದಲ್ಲಿ ಲಿಡೆಕ್ಕೆರಿಯಾನಸ್ ಕೂಡ ಇದೆ. ಅಧ್ಯಯನ ನಡೆದದ್ದು ಯಾವ ಕಾಡಿನಲ್ಲಿ, ಯಾವಾಗ ಎಂಬುದು ಸೂಚಿಯಲ್ಲಿ ದಾಖಲಾಗಿದ್ದರೆ ಮಾತ್ರ ಆ ಬರಹ ಯಾವ ಪ್ರಾಣಿಯದು ಎಂದು ತೀರ್ಮಾನಿಸಬಹುದು.

ಎಸ್. ಆರ್. ರಂಗನಾಥನ್ ಇಲ್ಲಿ ನೆರವಿಗೆ ಬರುತ್ತಾರೆ. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ, ವಿಷಯವನ್ನು ಒಂದೇ ಸಿದ್ಧ ಸಂಖ್ಯೆಗೆ ಕಟ್ಟಿಹಾಕದೆ ಮುಖಗಳಾಗಿ ಬಿಡಿಸುತ್ತದೆ. ಅವರು ಮುಂದೆ ಗುರುತಿಸಿದ ಐದು ಮೂಲ ವರ್ಗಗಳಲ್ಲಿ ಕೊನೆಯ ಎರಡು ದೇಶ ಮತ್ತು ಕಾಲ. 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರದ ಬೌದ್ಧಿಕ ಪರಂಪರೆ ನಮಗೆ ತೀರಾ ಹತ್ತಿರದ್ದು. ಜೀವಿಯ ಹೆಸರು ಅಸ್ಥಿರವಾದಾಗ ದೇಶ-ಕಾಲಗಳೇ ಅದರ ಗುರುತಿಗೆ ಸಾಕ್ಷ್ಯವಾಗುತ್ತವೆ. ಜೀವವಿಜ್ಞಾನದ ಸೂಚೀಕರಣದಲ್ಲಿ ಈ ಎರಡನ್ನು ಐಚ್ಛಿಕವೆಂದು ಬಿಡುವುದು ದೊಡ್ಡ ನಷ್ಟ ಎಂಬುದು ಈ ಲೇಖನದ ವಾದ.

ಕನ್ನಡ ಹೆಸರುಗಳ ಮಾತೂ ಇದೆ. ಲ್ಯಾಟಿನ್ ಹೆಸರು ಇಷ್ಟು ಸಲ ಬದಲಾದರೂ ರೈತರ ಬಾಯಲ್ಲಿ ಹೊಂಗೆ ಹೊಂಗೆಯಾಗಿಯೇ ಉಳಿದಿದೆ. ಅದನ್ನು ಸೂಚಿಯೊಳಗೆ ತರಲೇಬೇಕು. ಎಚ್ಚರವೂ ಬೇಕು: ಆಯುರ್ವೇದದ ‘ಕರಂಜ’ ಎಂದು ಹುಡುಕಿದರೆ ಹೊಂಗೆಯ ಜೊತೆಗೆ ಲತಾಕರಂಜ, ಅಂದರೆ ಮುಳ್ಳುಬಳ್ಳಿಯಾದ ಗಜ್ಜುಗವೂ ಬಂದು ಸೇರುತ್ತದೆ.

ಹಳೆಯ ಪ್ರಬಂಧಗಳನ್ನು ಗಣಕೀಕರಿಸುವ ನಮ್ಮ ಕೃಷಿ ಮತ್ತು ಅರಣ್ಯ ಗ್ರಂಥಾಲಯಗಳು ಮುದ್ರಿತ ಹೆಸರನ್ನು ಅಳಿಸಿ ಹೊಸದನ್ನು ಹಾಕಬಾರದು. ಮುದ್ರಿತ ಹೆಸರು ಇದ್ದ ಹಾಗೇ ಇರಲಿ. ಈಗಿನ ಹೆಸರು, ಕನ್ನಡದ ಹೆಸರು, ಜೀವಿಯ ಗುರುತುಸಂಖ್ಯೆ, ತಾಲ್ಲೂಕು ಮತ್ತು ಅಧ್ಯಯನದ ವರ್ಷ ಪ್ರತ್ಯೇಕ ಅಂಕಣಗಳಲ್ಲಿ ಸೇರಲಿ. ವರ್ಗೀಕರಣ ಮುಂದೆ ಮತ್ತೆ ಬದಲಾದಾಗ ‘ಈಗಿನ ಹೆಸರು’ ಎಂಬ ಒಂದು ಅಂಕಣವನ್ನಷ್ಟೇ ತಿದ್ದಿದರೆ ಸಾಕಾಗುತ್ತದೆ.