ತೂತು ಬಿದ್ದ ಗಿಟಾರು: ಒಂದು ವಾದ್ಯದ ಚರಿತ್ರೆ

ಚರಿತ್ರೆಯ ಪಾಠ ಹೇಳುವವರು ಶಾಸನ, ನಾಣ್ಯ, ತಾಳೆಗರಿ, ದೇವಾಲಯ ಇವುಗಳನ್ನು ಆಕರಗಳೆಂದು ಪಟ್ಟಿ ಮಾಡಿ ಮಕ್ಕಳಿಂದ ಬಾಯಿಪಾಠ ಮಾಡಿಸುವುದು ವಾಡಿಕೆ. ಆ ಪಟ್ಟಿಯಲ್ಲಿ ಸೇರದ ಇನ್ನೊಂದು ಬಗೆಯ ಆಕರವಿದೆ. ಅದು ಮನುಷ್ಯನ ಕೈ ದಿನವೂ ಆಡಿ ಸವೆದ ವಸ್ತು. ಅಜ್ಜಿಯ ಕಾಲದ ಒರಳಿನ ಗುಳಿ, ಬಾವಿಕಟ್ಟೆಯ ಮೇಲೆ ಹಗ್ಗ ಉಜ್ಜಿ ಮೂಡಿದ ಗೆರೆ, ಬಡಗಿಯ ಉಳಿಯ ಹಿಡಿ, ಇವೆಲ್ಲ ಯಾರೂ ಕೆತ್ತಿಸದ ಶಾಸನಗಳು. ಅಂತಹ ಶಾಸನವೊಂದರ ವಿಚಾರವನ್ನು ಇಂದು ಬರೆಯಬೇಕೆನಿಸಿದೆ. ಅದು ಇರುವುದು ನಮ್ಮ ನಾಡಿನಲ್ಲಲ್ಲ, ಅಮೆರಿಕದ ಟೆಕ್ಸಾಸಿನಲ್ಲಿ. ಅದೊಂದು ಗಿಟಾರು. ಅದರ ಮುಖಹಲಗೆಯಲ್ಲಿ ತಯಾರಕರು ಕೊರೆದ ದುಂಡನೆಯ ನಾದರಂಧ್ರದ ಜೊತೆಗೆ, ವಾದಕನ ಕೈ ಉಜ್ಜಿ ಉಜ್ಜಿ ಮಾಡಿದ ಇನ್ನೊಂದು ತೂತೂ ಇದೆ.

ಆ ವಾದಕರ ಹೆಸರು ವಿಲಿ ನೆಲ್ಸನ್. 1933ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಆಬಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ತಂದೆತಾಯಿಯರು ಬೇರೆಯಾದಾಗ ಅಜ್ಜ ಅಜ್ಜಿಯರ ಆಶ್ರಯದಲ್ಲಿ, ಅಕ್ಕ ಬಾಬಿಯೊಡನೆ ಬೆಳೆದರು. ಆರನೆಯ ವಯಸ್ಸಿನಲ್ಲಿ ಅಜ್ಜ ಒಂದು ಅಗ್ಗದ ಗಿಟಾರು ತಂದುಕೊಟ್ಟು ನುಡಿಸುವುದನ್ನೂ ಕಲಿಸಿದರಂತೆ. ಅಲ್ಲಿನ ಗ್ರಾಮೀಣ ಜನರ 'ಕಂಟ್ರಿ' ಸಂಗೀತ ಇವರ ಕ್ಷೇತ್ರ. ಆ ಸಂಗೀತದ ರಾಜಧಾನಿಯೆನಿಸಿದ ನ್ಯಾಶ್‌ವಿಲ್ ನಗರ ಮೊದಲು ಇವರನ್ನು ಗುರುತಿಸಿದ್ದು ಹಾಡುಗಾರನೆಂದಲ್ಲ, ಹಾಡು ಬರೆಯುವವನೆಂದು. 1961ರಲ್ಲಿ ಪ್ಯಾಟ್ಸಿ ಕ್ಲೈನ್ ಎಂಬ ಗಾಯಕಿ ಹಾಡಿ ಪ್ರಸಿದ್ಧಗೊಳಿಸಿದ 'ಕ್ರೇಜಿ' ಇವರದೇ ರಚನೆ.

ಆಸ್ಟಿನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇವರ ಧ್ವನಿಮುದ್ರಿಕೆಗಳನ್ನು ಕಳುಹಿಸಿದಾಗ ನನ್ನ ಗಮನ ಸೆಳೆದದ್ದು ಹಾಡಿಗಿಂತ ಹೆಚ್ಚಾಗಿ ಆ ವಾದ್ಯದ ದನಿ. ಅದು ಲೋಹದ ತಂತಿಯ ಝಣತ್ಕಾರವಲ್ಲ, ಪೂರ್ತಿ ಮರದ ಮಾರ್ದವವೂ ಅಲ್ಲ. ಸ್ವಲ್ಪ ಗೊಗ್ಗರು, ಸ್ವಲ್ಪ ಮೃದು. ವಯಸ್ಸಾದ ಮನುಷ್ಯ ನಿಧಾನವಾಗಿ ಮಾತನಾಡುವಂತೆ ಕೇಳಿಸುತ್ತದೆ. ಈ ದನಿ ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ಒಂದು ಪುಟ್ಟ ಚರಿತ್ರೆಯೇ ತೆರೆದುಕೊಂಡಿತು.

ಮೊದಲು ಒಂದು ತಾಂತ್ರಿಕ ವಿಷಯ. ಗಿಟಾರು ಸ್ವಭಾವತಃ ಮೆಲುದನಿಯ ವಾದ್ಯ. ಅದರಲ್ಲಿಯೂ ನೈಲಾನ್ ತಂತಿಯ ಗಿಟಾರು, ಅಂದರೆ ಸ್ಪೇನಿನ ಶಾಸ್ತ್ರೀಯ ಪರಂಪರೆಯದು, ದೊಡ್ಡ ಕೋಣೆಯ ಕೊನೆಯ ಸಾಲಿಗೆ ಮುಟ್ಟುವುದೇ ಕಷ್ಟ. ನಮ್ಮ ವೀಣೆಗೂ ಇದೇ ತೊಡಕಲ್ಲವೆ? ಉಕ್ಕಿನ ತಂತಿಯ ಗಿಟಾರಿಗೆ 1930ರ ದಶಕದಲ್ಲಿಯೇ ಪರಿಹಾರ ದೊರೆತಿತ್ತು. ತಂತಿಯ ಕೆಳಗೆ ಅಯಸ್ಕಾಂತವನ್ನೂ ಅದರ ಸುತ್ತ ತಾಮ್ರದ ಸುರುಳಿಯನ್ನೂ ಇಟ್ಟರೆ, ಉಕ್ಕಿನ ತಂತಿ ಅಲುಗಿದಂತೆ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಆದರೆ ಅಯಸ್ಕಾಂತಕ್ಕೂ ನೈಲಾನಿಗೂ ಯಾವ ಸಂಬಂಧವೂ ಇಲ್ಲ. ಮೈಕು ಹತ್ತಿರ ಹಿಡಿದರೆ ಗದ್ದಲದ ಜಾಗದಲ್ಲಿ ಧ್ವನಿವರ್ಧಕ 'ಕುಂಯ್' ಎಂದು ಕೂಗತೊಡಗುತ್ತದೆ. ನೆಲ್ಸನ್ ಹಾಡುತ್ತಿದ್ದುದು ಕುಡಿತ, ಕುಣಿತ, ಜಗಳ ಎಲ್ಲವೂ ನಡೆಯುವ ಹಾಲ್‌ಗಳಲ್ಲಿ.

ಇದಕ್ಕೆ ದಾರಿ ತೋರಿಸಿದ್ದು ಹಳೆಯದೊಂದು ವೈಜ್ಞಾನಿಕ ಶೋಧ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂದು 1880ರಲ್ಲಿ ಫ್ರಾನ್ಸಿನ ಜ್ಯಾಕ್ ಕ್ಯೂರಿ, ಪಿಯರ್ ಕ್ಯೂರಿ ಸಹೋದರರು ತೋರಿಸಿದ್ದರು. ತಂತಿಗಳು ಕೂರುವ ಪಟ್ಟಿಯ ಅಡಿಯಲ್ಲಿ ಅಂತಹ ಗುಣದ ಪಿಂಗಾಣಿ ತುಣುಕುಗಳನ್ನಿಟ್ಟರೆ, ತಂತಿ ನೈಲಾನಿನದಾದರೂ ಚಿಂತೆಯಿಲ್ಲ. ಅದರ ಒತ್ತಡವೇ ವಿದ್ಯುತ್ತಾಗುತ್ತದೆ. ಪಿಯಾನೋಗಳಿಗೆ ಹೆಸರಾದ ಬಾಲ್ಡ್ವಿನ್ ಸಂಸ್ಥೆ 1960ರ ದಶಕದಲ್ಲಿ 'ಪ್ರಿಸ್ಮಟೋನ್' ಎಂಬ ಹೆಸರಿನ ಇಂತಹ ಗ್ರಾಹಕವನ್ನು ಅಳವಡಿಸಿದ ನೈಲಾನ್ ತಂತಿಯ ಗಿಟಾರನ್ನೂ, ಅದಕ್ಕೆ ಜೊತೆಯಾಗಿ ಆಂಪ್ಲಿಫೈಯರನ್ನೂ ಮಾರುಕಟ್ಟೆಗೆ ತಂದಿತು. ಅಂತಹ ಒಂದು ಜೋಡಿಯನ್ನು ಪ್ರಚಾರಕ್ಕಾಗಿ ನೆಲ್ಸನ್ನರಿಗೂ ಕೊಟ್ಟಿತು.

ಆ ಬಾಲ್ಡ್ವಿನ್ ಗಿಟಾರಿನ ಆಯುಷ್ಯ ಹೆಚ್ಚಿರಲಿಲ್ಲ. 1969ರಲ್ಲಿ ಸ್ಯಾನ್ ಆಂಟೋನಿಯೊ ಸಮೀಪದ ಹೆಲೋಟೆಸ್ ಎಂಬಲ್ಲಿ ಕಾರ್ಯಕ್ರಮ ನಡೆದಾಗ, ಪಾನಮತ್ತನಾದ ಯಾರೋ ಒಬ್ಬ ಅದರ ಮೇಲೆ ಕಾಲಿಟ್ಟು ಮುರಿದನು. ಮುರಿದ ವಾದ್ಯ ನ್ಯಾಶ್‌ವಿಲ್ಲಿನ ಶಾಟ್ ಜ್ಯಾಕ್ಸನ್ ಎಂಬ ಕುಶಲಕರ್ಮಿಯ ಅಂಗಡಿಗೆ ಹೋಯಿತು. ಜ್ಯಾಕ್ಸನ್ ಸ್ವತಃ ವಾದಕರು, ಸ್ಟೀಲ್ ಗಿಟಾರುಗಳನ್ನು ತಯಾರಿಸುವುದರಲ್ಲಿ ಹೆಸರಾದವರು. ಇದನ್ನು ಸರಿಪಡಿಸಲಾಗದೆಂದು ಅವರು ತಿಳಿಸಿದರು. ತಮ್ಮಲ್ಲಿ ಮಾರ್ಟಿನ್ ಸಂಸ್ಥೆಯ ಎನ್-20 ಎಂಬ ಶಾಸ್ತ್ರೀಯ ಮಾದರಿಯ ಗಿಟಾರೊಂದಿದೆ, ಬೆಲೆ 750 ಡಾಲರು, ಬೇಕಿದ್ದರೆ ಮುರಿದದ್ದರ ಗ್ರಾಹಕವನ್ನು ತೆಗೆದು ಅದಕ್ಕೆ ಕೂರಿಸಿಕೊಡುತ್ತೇನೆ ಎಂದರು. ನೆಲ್ಸನ್ ವಾದ್ಯವನ್ನು ಕಣ್ಣಿನಿಂದಲೂ ನೋಡದೆ ಒಪ್ಪಿದರು.

ನಾನು ಮೊದಲು ಹೇಳಿದ ಆ ವಿಲಕ್ಷಣ ದನಿ ಹುಟ್ಟಿದ್ದು ಹೀಗೆ. ಒಂದು ಸಂಸ್ಥೆಯ ಮೈ, ಇನ್ನೊಂದು ಸಂಸ್ಥೆಯ ಗ್ರಾಹಕ, ಆ ಗ್ರಾಹಕಕ್ಕೆಂದೇ ಮಾಡಿದ ಆಂಪ್ಲಿಫೈಯರು. ಇದನ್ನು ಯಾವ ಕಾರ್ಖಾನೆಯೂ ಯೋಜಿಸಿರಲಿಲ್ಲ. ಒಬ್ಬ ಕುಡುಕನ ಕಾಲು, ಒಬ್ಬ ರಿಪೇರಿಗಾರನ ಸಮಯಸ್ಫೂರ್ತಿ ಇವೆರಡೂ ಸೇರಿ ಆದ ಕೂಡಿಕೆ. ನೆಲ್ಸನ್ ಅದಕ್ಕೆ 'ಟ್ರಿಗರ್' ಎಂದು ಹೆಸರಿಟ್ಟರು. ರಾಯ್ ರೋಜರ್ಸ್ ಎಂಬ ಸಿನಿಮಾ ನಟ ಸವಾರಿ ಮಾಡುತ್ತಿದ್ದ ಕುದುರೆಯ ಹೆಸರದು. ವೀಣೆಯಲ್ಲಿ ತಂತಿಗಳನ್ನು ಹೊರುವ ಭಾಗವನ್ನು ನಮ್ಮವರು 'ಕುದುರೆ' ಎಂದೇ ಕರೆಯುತ್ತಾರೆ. ಟ್ರಿಗರಿನ ದನಿಯ ಗುಟ್ಟು ಅಡಗಿರುವುದೂ ಆ ಜಾಗದಲ್ಲಿಯೇ ಎಂಬುದನ್ನು ನೆನೆದು ನನಗೆ ನಗು ಬಂತು.

ಇನ್ನು ವಾದ್ಯದ ಮೈಯ ವಿಚಾರ. ಮುಖಹಲಗೆ ಸಿಟ್ಕಾ ಸ್ಪ್ರೂಸ್ ಎಂಬ ಹಗುರವಾದ ಮರದ್ದು. ಹಿಂಬದಿ ಮತ್ತು ಪಕ್ಕಗಳು ಬ್ರೆಜಿಲ್ ದೇಶದ ರೋಸ್‌ವುಡ್. 1960ರ ದಶಕದಲ್ಲಿ ಬ್ರೆಜಿಲ್ ಸರ್ಕಾರ ಇಡೀ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು. ಮಾರ್ಟಿನ್ ಸಂಸ್ಥೆ ಅದೇ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ, ಅಂದರೆ ನಮ್ಮ ಬೀಟೆ ಮರಕ್ಕೆ ಬದಲಾಯಿತು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕೆತ್ತನೆಗಾರರು ಚಿತ್ರಗಳನ್ನು ಕೂರಿಸುವ ಅದೇ ಜಾತಿಯ ಮರ. ಹೀಗೆ ನಮ್ಮ ಪಶ್ಚಿಮ ಘಟ್ಟದ ಮರಕ್ಕೂ ಪೆನ್ಸಿಲ್ವೇನಿಯಾದ ಆ ಕಾರ್ಖಾನೆಗೂ ನಂಟು ಬೆಳೆಯಿತು. ಟ್ರಿಗರು ಮಾತ್ರ ಹಳೆಯ ಮರದ ಕೊನೆಯ ತಲೆಮಾರಿಗೆ ಸೇರಿದ್ದು. ಬ್ರೆಜಿಲಿನ ಆ ಮರದ ಅಂತರರಾಷ್ಟ್ರೀಯ ವ್ಯಾಪಾರ 1992ರಲ್ಲಿ ಬಹುಮಟ್ಟಿಗೆ ನಿಷಿದ್ಧವಾಯಿತು. 2017ರ ಆರಂಭದಲ್ಲಿ ಬೀಟೆಯೂ ಸೇರಿದಂತೆ ಆ ಇಡೀ ಕುಲದ ಮರಗಳು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟು, ವಾದ್ಯ ತಯಾರಕರೂ ಸಂಗೀತಗಾರರೂ ಕಾಗದಪತ್ರಗಳಿಗಾಗಿ ಪರದಾಡಿದರು. ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರಲ್ಲಿ. ಆದರೆ ಆ ವಿನಾಯಿತಿ ಬ್ರೆಜಿಲಿನ ಮರಕ್ಕೆ ಅನ್ವಯಿಸದು. ಕಾಡು ಕರಗಿದ ಕಥೆಯೂ ಒಂದು ವಾದ್ಯದ ಬೆನ್ನಹಲಗೆಯಲ್ಲಿ ಬರೆದಿರುತ್ತದೆ.

ಈಗ ಆ ತೂತಿನ ವಿಚಾರಕ್ಕೆ ಬರೋಣ. ಶಾಸ್ತ್ರೀಯ ಗಿಟಾರನ್ನು ನುಡಿಸುವುದು ಬೆರಳ ತುದಿಯಿಂದ, ಉಗುರಿನಿಂದ. ಆದ್ದರಿಂದ ಅದರ ಮುಖಹಲಗೆಗೆ ರಕ್ಷಣೆಯ ತಗಡು ಇರುವುದಿಲ್ಲ. ನೆಲ್ಸನ್ ಅದನ್ನು ನುಡಿಸುವುದು ಕೈಯಲ್ಲಿ ಹಿಡಿದ ಪಿಕ್ಕಿನಿಂದ, ಉಕ್ಕಿನ ತಂತಿಯ ಗಿಟಾರನ್ನು ನುಡಿಸುವ ಹಾಗೆ. ಅವರ ಆದರ್ಶ ಜ್ಯಾಂಗೋ ರೈನ್‌ಹಾರ್ಟ್. ಬೆಂಕಿಯಲ್ಲಿ ಎಡಗೈಯ ಎರಡು ಬೆರಳುಗಳು ನಿಷ್ಪ್ರಯೋಜಕವಾದರೂ ಯುರೋಪಿನ ಜಾಜ್ ಸಂಗೀತದಲ್ಲಿ ಅದ್ವಿತೀಯರಾದ ಮಹನೀಯರು. ಆ ಬಗೆಯ ರಭಸದ ವಾದನವನ್ನು ಈ ನಾಜೂಕು ಹಲಗೆ ತಡೆದೀತೆ? ವರ್ಷ ವರ್ಷ ಪಿಕ್ಕೂ ಬೆರಳುಗಳೂ ತಾಗಿ, ಮೊದಲು ಮೆರುಗು ಹೋಯಿತು, ಆಮೇಲೆ ಮರ ಸವೆಯಿತು, ಕೊನೆಗೆ ನಾದರಂಧ್ರಕ್ಕೂ ಕುದುರೆಗೂ ನಡುವೆ ತೂತೇ ಬಿತ್ತು.

ಆ ಮರ ಸವೆಯುತ್ತಿದ್ದ ವರ್ಷಗಳಲ್ಲಿ ಅದರ ಒಡೆಯನ ಬದುಕೂ ಏರಿಳಿಯಿತು. 1970ರ ಡಿಸೆಂಬರ್‌ನಲ್ಲಿ ಟೆನೆಸ್ಸಿಯ ರಿಜ್‌ಟಾಪ್‌ನಲ್ಲಿದ್ದ ನೆಲ್ಸನ್ನರ ಮನೆ ಸುಟ್ಟುಹೋಯಿತು. ಉರಿಯುವ ಮನೆಯೊಳಗೆ ನುಗ್ಗಿ ಅವರು ಹೊರತಂದ ಬೆರಳೆಣಿಕೆಯ ವಸ್ತುಗಳಲ್ಲಿ ಟ್ರಿಗರು ಒಂದು. ಅನಂತರ ನ್ಯಾಶ್‌ವಿಲ್ ಬಿಟ್ಟು ಟೆಕ್ಸಾಸಿಗೆ ಮರಳಿದರು. 1975ರಲ್ಲಿ 'ರೆಡ್ ಹೆಡೆಡ್ ಸ್ಟ್ರೇಂಜರ್' ಎಂಬ ಧ್ವನಿಮುದ್ರಿಕೆ ಹೊರಬಂತು. ಅಂದಿನ ರೂಢಿಯಂತೆ ಪಿಟೀಲುಗಳ ಮೇಳ, ಹಿಮ್ಮೇಳದ ಗಾಯನ ಇವುಗಳ ಭರಾಟೆ ಅದರಲ್ಲಿಲ್ಲ. ಗಿಟಾರು, ಅಕ್ಕ ಬಾಬಿಯ ಪಿಯಾನೋ, ಹಾರ್ಮೋನಿಕಾ ಹೀಗೆ ಕೆಲವೇ ವಾದ್ಯಗಳು. ಇದು ಇನ್ನೂ ಕಚ್ಚಾ ಪ್ರತಿಯೆಂದು ಕಂಪನಿಯವರು ಭಾವಿಸಿದರಂತೆ. ಆದರೆ ಒಪ್ಪಂದದ ಪ್ರಕಾರ ಕೊನೆಯ ಮಾತು ಕಲಾವಿದನದು. ಹಾಗೆಯೇ ಪ್ರಕಟವಾಗಿ ಲಕ್ಷಾಂತರ ಪ್ರತಿಗಳು ಮಾರಾಟವಾದವು.

1990ರಲ್ಲಿ ಇನ್ನೊಂದು ಸಂಕಟ ಒದಗಿತು. 1 ಕೋಟಿ 60 ಲಕ್ಷ ಡಾಲರಿಗೂ ಮಿಕ್ಕಿದ ತೆರಿಗೆ ಬಾಕಿಗಾಗಿ ಸರ್ಕಾರ ಅವರ ಆಸ್ತಿಪಾಸ್ತಿಯನ್ನು ಜಪ್ತಿ ಮಾಡಿತು. ನೆಲ್ಸನ್ನರಿಗೆ ಇದ್ದ ಚಿಂತೆ ಗಿಟಾರಿನದು. ಅದು ಹರಾಜಿಗೆ ಹೋದೀತೆಂದು ಮಗಳು ಲಾನಾ ಅದನ್ನು ಮೊದಲೇ ತೆಗೆದು, ಹವಾಯಿಯ ಮಾವಿ ದ್ವೀಪದಲ್ಲಿದ್ದ ತಂದೆಗೆ ಮುಟ್ಟಿಸಿದರು. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ಆ ಗಿಟಾರಿನಿಂದಲೇ ದುಡಿದು 1993ರ ಹೊತ್ತಿಗೆ ಬಾಕಿಯನ್ನು ಇತ್ಯರ್ಥ ಮಾಡಿಕೊಂಡರೆಂಬುದೂ ದಾಖಲಾದ ಸಂಗತಿ. ನಮ್ಮಲ್ಲಿ ಸಾಲಕ್ಕೆ ಜಪ್ತಿ ಮಾಡುವಾಗ ರೈತನ ನೇಗಿಲನ್ನೂ ಕುಶಲಕರ್ಮಿಯ ಹತಾರಗಳನ್ನೂ ಮುಟ್ಟಬಾರದೆಂಬ ಕಾನೂನಿದೆ. ದುಡಿಯುವ ಸಾಧನವನ್ನೇ ಕಿತ್ತುಕೊಂಡರೆ ಸಾಲ ತೀರುವುದು ಹೇಗೆ?

ಇಂತಹ ವಾದ್ಯವನ್ನು ಕಾಪಾಡುವವರು ಯಾರು? ಆಸ್ಟಿನ್ನಿನ ಮಾರ್ಕ್ ಅರ್ಲವೈನ್ ಎಂಬ ಗಿಟಾರು ತಯಾರಕರು 1977ರಿಂದ ಅದರ ವೈದ್ಯರು. ಪ್ರವಾಸಗಳ ನಡುವೆ ವಾದ್ಯ ಅವರ ಮೇಜಿಗೆ ಬರುತ್ತದೆ. ಧೂಳು ತೆಗೆದು, ಒಳಗಿನ ಆಧಾರಪಟ್ಟಿಗಳನ್ನು ಪರೀಕ್ಷಿಸಿ ಬಲಪಡಿಸಿ, ಸವೆದ ಮುಖಕ್ಕೆ ತೆಳುವಾಗಿ ಮೆರುಗೆಣ್ಣೆ ಬಳಿಯುತ್ತಾರೆ. ತೂತನ್ನು ಮುಚ್ಚುವುದಿಲ್ಲ. ಅದು ಇನ್ನಷ್ಟು ಹರಡದಂತೆ ನೋಡಿಕೊಳ್ಳುತ್ತಾರೆ. ಮುಖಹಲಗೆಯ ತುಂಬ ಗೆಳೆಯರ ಸಹಿಗಳಿವೆ. ಮೊದಲನೆಯದು ಲಿಯಾನ್ ರಸೆಲ್ ಎಂಬ ಗಾಯಕರದು. ಅನಂತರ ಜಾನಿ ಕ್ಯಾಶ್, ರೋಜರ್ ಮಿಲ್ಲರ್ ಹೀಗೆ ನೂರಕ್ಕೂ ಹೆಚ್ಚು ಮಂದಿ. ಸಹಿ ಮಾಡಿದವರಲ್ಲಿ ಹಲವರು ಈಗಿಲ್ಲ. ಕೆಲವರ ಹೆಸರುಗಳು ವಾದನದ ಉಜ್ಜುವಿಕೆಯಲ್ಲಿಯೇ ಮಾಸಿಹೋಗಿವೆ. 1998ರಲ್ಲಿ ಮಾರ್ಟಿನ್ ಸಂಸ್ಥೆ ನೆಲ್ಸನ್ನರ ಗೌರವಾರ್ಥ ಅದೇ ಮಾದರಿಯ ಹೊಸ ಗಿಟಾರುಗಳನ್ನು ತಯಾರಿಸಿತು. ಹೊಸತರಲ್ಲಿ ಮಾದರಿ ಬರಬಹುದು, ಸವೆತ ಬರುವುದೆ?

ಇದನ್ನು ಓದುವಾಗ ನಾನು ಕೆಲಸ ಮಾಡಿದ ಶಾಲೆಯೊಂದರ ಹಾರ್ಮೋನಿಯಂ ನೆನಪಾಯಿತು. ತಿದಿ ಹರಿದಿತ್ತು, ಎರಡು ಮನೆಗಳು ಕಚ್ಚಿಕೊಂಡಿದ್ದವು. ತಪಾಸಣೆಗೆ ಬಂದ ಅಧಿಕಾರಿಗಳು 'ನಿರುಪಯುಕ್ತ' ಎಂದು ಷರಾ ಬರೆದು ಹರಾಜಿಗೆ ಸೇರಿಸಲು ಹೇಳಿದರು. ನಮ್ಮ ಡ್ರಾಯಿಂಗ್ ಮೇಷ್ಟರು, "ತಿದಿ ಹರಿದರೆ ಸ್ವರ ಹೋಯಿತೇನ್ ಸಾರ್? ಒಂದು ವಾರ ನನಗೆ ಕೊಡಿ" ಎಂದು ಮನೆಗೆ ಹೊತ್ತೊಯ್ದರು. ಹಳೆಯ ತೊಗಲು, ಅಂಟು, ಬಟ್ಟೆ ಹಚ್ಚಿ ಸರಿಪಡಿಸಿ ತಂದರು. ಮುಂದೆ ಎಷ್ಟೋ ವರ್ಷ ಮಕ್ಕಳು ಅದರ ಶ್ರುತಿಗೆ ನಾಡಗೀತೆ ಹಾಡಿದರು. ಆ ಮೇಷ್ಟರ ಹೆಸರು ಶಾಲೆಯ ಯಾವ ಫಲಕದಲ್ಲಿಯೂ ಇಲ್ಲ. ಹಾರ್ಮೋನಿಯಂ ಕೊಡಿಸಿದ ದಾನಿಯ ಹೆಸರು ಇದೆ. ಚರಿತ್ರೆ ಕೊಂಡವರನ್ನು ನೆನಪಿಡುತ್ತದೆ, ದುರಸ್ತಿ ಮಾಡಿದವರನ್ನು ಮರೆಯುತ್ತದೆ. ಟ್ರಿಗರಿನ ಕಥೆ ನನಗೆ ಪ್ರಿಯವಾದದ್ದು ಇದಕ್ಕಾಗಿ. ಅದರಲ್ಲಿ ಶಾಟ್ ಜ್ಯಾಕ್ಸನ್ನರಿಗೂ ಮಾರ್ಕ್ ಅರ್ಲವೈನರಿಗೂ ನೆಲ್ಸನ್ನರ ಪಕ್ಕದಲ್ಲಿಯೇ ಸ್ಥಾನವಿದೆ.

2022ರ ಮಾರ್ಚ್‌ನಲ್ಲಿ ಅಕ್ಕ ಬಾಬಿ ತೀರಿಕೊಂಡರು. 2023ರ ಏಪ್ರಿಲ್‌ನಲ್ಲಿ ನೆಲ್ಸನ್ನರಿಗೆ ತೊಂಬತ್ತು ತುಂಬಿದಾಗ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ ಎರಡು ದಿನ ಸಂಗೀತೋತ್ಸವ ನಡೆಯಿತು. ಟ್ರಿಗರು ಸವೆದು ಮುಗಿದ ದಿನ ತಾನೂ ನಿಲ್ಲಿಸುತ್ತೇನೆಂಬ ಅರ್ಥದ ಮಾತನ್ನು ಅವರು ಹಿಂದೆಯೇ ಆಡಿದ್ದಾರೆ.

ಓದುಗ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ತಂಬೂರಿಯೋ ಪಿಟೀಲೋ ಹಾರ್ಮೋನಿಯಮ್ಮೋ ಇದ್ದರೆ ಇಳಿಸಿ ನೋಡಿ. ಯಾರು ಮಾಡಿದ್ದು, ಯಾರು ನುಡಿಸಿದ್ದು, ಎಲ್ಲಿ ಬಿರುಕು ಬಿಟ್ಟಿತ್ತು, ಯಾರು ಬೆಸೆದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ವಾದ್ಯದ ಪೆಟ್ಟಿಗೆಯೊಳಗೆ ಇಡಿ. ಬೆಸೆದವರ ಹೆಸರನ್ನು ಮರೆಯದೆ ಬರೆಯಿರಿ. ಕೇಳಿ ತಿಳಿಯುವಷ್ಟು ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು.