ಹಟ್ಟಿ ಚಿನ್ನದ ಗಣಿ: ಧೂಳುರೋಗ ಮತ್ತು ಎದೆಯ ಎಕ್ಸ್‌ರೇ ಅಧ್ಯಯನಗಳ ಇತಿಹಾಸ

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಸಿಗುವುದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚು ಎಂದರೆ ಬಹುಪಾಲು ಸಿಲಿಕಾ. ಅದನ್ನು ಕೊರೆದಾಗ, ಸಿಡಿಸಿದಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಶ್ವಾಸಕೋಶದ ತಳ ಮುಟ್ಟಿ, ಅಲ್ಲಿ ಗಂಟುಗಂಟಾಗಿ ಕಲೆಗಟ್ಟುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ಕಟ್ಟಿದ ಗಂಟು ಕರಗುವುದಿಲ್ಲ; ಕೆಲಸ ಬಿಟ್ಟ ಮೇಲೂ ರೋಗ ಬಲಿಯಬಹುದು.

ಇಲ್ಲಿನ ಗಣಿಗಾರಿಕೆ ಬಹಳ ಹಳೆಯದು. ಪ್ರಾಚೀನರು ಬಂಡೆಗೆ ಬೆಂಕಿಯಿಟ್ಟು ಸೀಳಿ ಸುಮಾರು 640 ಅಡಿ ಆಳಕ್ಕೆ ಇಳಿದಿದ್ದರು. ಈಗಿನ ಕಂಪನಿ ಹೈದರಾಬಾದ್ ಚಿನ್ನದ ಗಣಿ ಎಂಬ ಹೆಸರಿನಲ್ಲಿ 1947ರಲ್ಲಿ ಶುರುವಾಯಿತು. ಆದರೆ 640 ಅಡಿ ಆಳದಲ್ಲಿ ಹೊಗೆ, ಧೂಳು ಕುಡಿದ ಆ ಪ್ರಾಚೀನ ಕೂಲಿಗಳ ಎದೆ ಹೇಗಿತ್ತೆಂದು ಯಾವ ಶಾಸನವೂ ಬರೆದಿಲ್ಲ.

ಕರ್ನಾಟಕದಲ್ಲಿ ಈ ರೋಗದ ವೈದ್ಯಕೀಯ ದಾಖಲೆ ಹಟ್ಟಿಯಿಂದಲ್ಲ, ಕೋಲಾರ ಚಿನ್ನದ ಗಣಿಯಿಂದ ಆರಂಭವಾಗುತ್ತದೆ. 1940–46ರಲ್ಲಿ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಲಾಯಿತು; ಶೇ. 43.7 ಮಂದಿಯಲ್ಲಿ ಸಿಲಿಕೋಸಿಸ್ ಇತ್ತು. ಭಾರತದಲ್ಲಿ ಸಿಲಿಕೋಸಿಸ್‌ನ ಮೊದಲ ವರದಿಯೆಂದು ಪಠ್ಯಪುಸ್ತಕಗಳು ಹೇಳುವುದು 1947ರ ಈ ಕೋಲಾರದ ವರದಿಯನ್ನೇ. ಅಲ್ಲಿ ವೈದ್ಯರಾಗಿದ್ದ ಆಂಥನಿ ಕ್ಯಾಪ್ಲನ್ 1944ರಲ್ಲಿ ಪ್ರಕಟಿಸಿದ್ದು ನೆಲದಾಳದ ಕಾವಿಗೆ ಕುಸಿದು ಬೀಳುವ ಕಾರ್ಮಿಕರ ಬಗ್ಗೆ. ಮುಂದೆ ವೇಲ್ಸ್‌ಗೆ ಹೋಗಿ, ಸಂಧಿವಾತವಿದ್ದ ಕಲ್ಲಿದ್ದಲು ಗಣಿಗಾರರ ಎದೆಯ ಎಕ್ಸ್‌ರೇಗಳಲ್ಲಿ ಅಪರೂಪದ ದುಂಡು ಗಂಟುಗಳನ್ನು ಗುರುತಿಸಿ 1953ರಲ್ಲಿ ಬರೆದರು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ ‘ಕ್ಯಾಪ್ಲನ್ ಸಿಂಡ್ರೋಮ್’ ಅದೇ. ಒಬ್ಬೊಬ್ಬರ ಫಿಲ್ಮನ್ನು ತಾಳ್ಮೆಯಿಂದ ನೋಡುವುದರಿಂದ ಏನು ದಕ್ಕುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಫಿಲ್ಮ್ ತೆಗೆಯುವ ಕ್ರಮ ಸರಳ, ಆದರೆ ತಪ್ಪುವುದು ಸುಲಭ. ಅಂಗಿ ಬಿಚ್ಚಿಸಿ, ಎದೆಯನ್ನು ಕ್ಯಾಸೆಟ್ಟಿಗೆ ಒತ್ತಿಸಿ, ಕೈ ಸೊಂಟದ ಮೇಲಿಡಿಸಿ, ಹೆಗಲು ಮುಂದಕ್ಕೆ ತಳ್ಳಿಸಬೇಕು. ಇಲ್ಲದಿದ್ದರೆ ಹೆಗಲಮೂಳೆ ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. “ಉಸಿರು ಜಗ್ಗ್ರಿ, ಹಂಗ ಹಿಡೀರಿ” ಎಂದಾಗ ಅರ್ಧ ಉಸಿರಷ್ಟೇ ಎಳೆದರೆ ಕೆಳಭಾಗ ಮಬ್ಬಾಗಿ, ಇಲ್ಲದ ರೋಗ ಇದ್ದಂತೆ ಕಾಣುತ್ತದೆ. ಫಿಲ್ಮ್ ಕಪ್ಪಾದರೆ ಸಣ್ಣ ಚುಕ್ಕೆಗಳೇ ಮಾಯ. ಸಿಲಿಕೋಸಿಸ್‌ನ ಚುಕ್ಕೆಗಳು ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಮೊದಲು ಕಾಣುತ್ತವೆ. ಕ್ಷಯವೂ ಅಲ್ಲೇ ಕೂರುವ ರೋಗವಾದ್ದರಿಂದ ಒಂದನ್ನು ಇನ್ನೊಂದೆಂದು ಓದುವುದುಂಟು. ಸಿಲಿಕಾ ಹೊಕ್ಕ ಎದೆಗೆ ಕ್ಷಯ ಅಂಟುವ ಸಂಭವವೂ ಹೆಚ್ಚು. ಹಾಗಾಗಿ ಫಿಲ್ಮಿನ ಜೊತೆ ಕಫದ ಪರೀಕ್ಷೆ ಬೇಕು, ಅದಕ್ಕೂ ಮೊದಲು ಒಂದು ಪ್ರಶ್ನೆ ಬೇಕು: ಎಷ್ಟು ವರ್ಷ, ಯಾವ ಕೆಲಸ?

ಓದುವವರ ಕಣ್ಣು ಒಂದೇ ಅಳತೆಯಲ್ಲಿರಲೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾದರಿ ಫಿಲ್ಮುಗಳನ್ನು ಕೊಟ್ಟಿದೆ. 1930ರ ಜೋಹಾನ್ಸ್‌ಬರ್ಗ್ ಸಮ್ಮೇಳನದಿಂದ ಬೆಳೆದು ಬಂದ ಈ ವರ್ಗೀಕರಣದಲ್ಲಿ ಒಂದೂವರೆ ಮಿ.ಮೀ.ವರೆಗಿನ ದುಂಡು ಚುಕ್ಕೆಗೆ ‘ಪಿ’, ಮೂರರವರೆಗೆ ‘ಕ್ಯೂ’, ಹತ್ತರವರೆಗೆ ‘ಆರ್’ ಎಂಬ ಗುರುತು. ಭಾರತದಲ್ಲಿ 1952ರ ಗಣಿ ಕಾಯ್ದೆಯಡಿ ಸಿಲಿಕೋಸಿಸ್ ಕಂಡರೆ ವರದಿ ಮಾಡಲೇಬೇಕಿತ್ತು. ಆ ಕಾಯ್ದೆಯ ಗಣಿ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ಐದು ವರ್ಷ ಮೀರದಂತೆ ವೈದ್ಯಕೀಯ ಪರೀಕ್ಷೆ ಕಡ್ಡಾಯವಾಗಿತ್ತು.

ಹಟ್ಟಿಯಿಂದ ಕೃಷ್ಣಾ ನದಿಯ ಆಚೆ, ಸುರಪುರ ಸೀಮೆಯ ಮಂಗಳೂರು ಶಿಲಾಪಟ್ಟಿಯಲ್ಲಿ (ಕಡಲ ಮಂಗಳೂರಲ್ಲ) ನಡೆದದ್ದು ಬೇರೆ ಬಗೆಯ ಅಧ್ಯಯನ. ಹಳೆಯ ಚಿನ್ನದ ಗಣಿಗಳಿದ್ದ ಆ ನೆಲದ ಬಗ್ಗೆ 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇ. 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ದಾಟಿತ್ತು, ಒಂದರಲ್ಲಂತೂ 303. ತಪಾಸಣೆಗೆ ಬಂದ 181 ಜನರಲ್ಲಿ ಶೇ. 58.6 ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತುಗಳಿದ್ದವು. ಗಣಿಯೊಳಗೆ ಕಾಲಿಡದ ಹೆಂಗಸರು, ಮಕ್ಕಳಿಗೂ ಗಣಿನಾಡಿನ ರೋಗ ತಟ್ಟಬಹುದೆಂದು ತೋರಿಸಿದ್ದು ಇಂಥ ಅಧ್ಯಯನ. ಆರ್ಸೆನಿಕ್‌ನ ಈ ವಿಷವನ್ನು ಎಕ್ಸ್‌ರೇ ತೋರಿಸದು. ನೀರು, ಕೂದಲು, ಉಗುರು ಹೇಳಬೇಕು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯಲ್ಲಿ ಪಾಳಿಗಳು ಈಗಲೂ ಇಳಿಯುತ್ತಿವೆ. ಗಣಿಯಲ್ಲಿ ದುಡಿದವರ ಹಳೆಯ ಎದೆಯ ಫಿಲ್ಮ್ ಮನೆಯ ಟ್ರಂಕಿನಲ್ಲಿದ್ದರೆ ಎಸೆಯಬೇಡಿ. ಹೊಸದರ ಪಕ್ಕ ಇಟ್ಟು ನೋಡಲು ವೈದ್ಯರು ಕೇಳುವುದು ಅದನ್ನೇ.